ಹೊಸ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? ಎಸ್‌ಎಸ್‌ಡಿಯೂ ಕಾಣುತ್ತಿಲ್ಲ, ವೈಫೈಯೂ ಇಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ಕಳೆದ ವಾರ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ವಿಂಡೋಸ್ 11 ಇದೆ. ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಹಳೆಯ ಪ್ರಶ್ನೆಪತ್ರಿಕೆಗಳಿರುವುದರಿಂದ ವಿಂಡೋಸನ್ನು ಉಳಿಸಿಕೊಂಡೇ ಲಿನಕ್ಸ್ ಹಾಕಿಕೊಳ್ಳಬೇಕೆಂದಿದ್ದೇನೆ. ಸಹೋದ್ಯೋಗಿಯೊಬ್ಬರು ಕೊಟ್ಟ ಲಿನಕ್ಸ್ ಮಿಂಟ್ 21ರ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಪರದೆ ಚೆನ್ನಾಗಿಯೇ ಬಂದಿತು. ಆದರೆ ವೈಫೈ ಪಟ್ಟಿ ಖಾಲಿಯಾಗಿತ್ತು, ಇನ್‌ಸ್ಟಾಲರ್‌ನಲ್ಲಿ ಪೆನ್‌ಡ್ರೈವ್ ಬಿಟ್ಟರೆ ಬೇರೆ ಡಿಸ್ಕೇ ಕಾಣಲಿಲ್ಲ. ನಾನು ಉಬುಂಟು, ಫೆಡೋರಾ, ಡೆಬಿಯನ್‌ಗಳ ಪೈಕಿ ಯಾವುದಕ್ಕಾದರೂ ಹೋಗಬೇಕೆ?

ಉತ್ತರ 1

ಸರ್, ತೊಂದರೆ ಮಿಂಟ್‌ನದಲ್ಲ, ಅದರ ವಯಸ್ಸಿನದು. 2022ರಲ್ಲಿ ಬಂದ ಮಿಂಟ್ 21ರಲ್ಲಿರುವುದು 5.15 ಕರ್ನಲ್ (ಲಿನಕ್ಸ್‌ನ ತಿರುಳಾದ ತಂತ್ರಾಂಶ). ಲಿನಕ್ಸ್‌ನಲ್ಲಿ ಯಂತ್ರದ ಬಿಡಿಭಾಗಗಳನ್ನು ನಡೆಸುವ ಬಹುತೇಕ ಡ್ರೈವರ್‌ಗಳು ಕರ್ನಲ್‌ನೊಳಗೇ ಇರುವುದರಿಂದ, ಆ ಕರ್ನಲ್ ಹೊರಬಂದ ಮೇಲೆ ತಯಾರಾದ ಚಿಪ್ಪನ್ನು ಅದು ಗುರುತಿಸಲಾರದು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶ ಕೊಟ್ಟು ವೈಫೈ ಚಿಪ್ಪಿನ ಹೆಸರು ನೋಡಿ. ಉದಾಹರಣೆಗೆ, ಅದು ರಿಯಲ್‌ಟೆಕ್ 8852ಬಿಇ ಆಗಿದ್ದರೆ, ಅದರ ಬೆಂಬಲ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಉಬುಂಟು 24.04ರ ಮೇಲೆ ಕಟ್ಟಿದ ಮಿಂಟ್ 22ರಲ್ಲಿ 6.8 ಕರ್ನಲ್ ಇದೆ, 2029ರವರೆಗೆ ಭದ್ರತಾ ಅಪ್‌ಡೇಟ್‌ಗಳೂ ಸಿಗುತ್ತವೆ. ಮೊದಲು ಅದನ್ನು ಪರೀಕ್ಷಿಸಿ.

ಡಿಸ್ಕ್ ಕಾಣದಿರುವುದಕ್ಕೆ ಇಂಟೆಲ್‌ನ ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬ ಡಿಸ್ಕ್ ನಿರ್ವಹಣಾ ವ್ಯವಸ್ಥೆ ಕಾರಣವಿರಬಹುದು. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಾಯಿಸಿ ಎಂದು ಹಲವರು ಹೇಳುತ್ತಾರೆ, ಆದರೆ ತಕ್ಷಣ ಕೈಹಾಕಬೇಡಿ. ಪೂರ್ವಸಿದ್ಧತೆಯಿಲ್ಲದೆ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ. ಹೊಸ ಕರ್ನಲ್‌ನಲ್ಲಿ ಡಿಸ್ಕ್ ಕಂಡರೆ ಬಯಾಸ್ ತೆರೆಯುವ ಪ್ರಮೇಯವೇ ಬರುವುದಿಲ್ಲ.

ಉತ್ತರ 2

ಮೇಲಿನ ಮಾತಿಗೆ ಸಹಮತವಿದೆ. ಫೆಡೋರಾದ ಕರ್ನಲ್ ಇನ್ನೂ ಹೊಸದಾಗಿರುತ್ತದೆ, ಆದರೆ ಅದರ ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಬೆಂಬಲ. ವರ್ಷಕ್ಕೊಮ್ಮೆಯಾದರೂ ಮೇಲ್ದರ್ಜೆಗೇರಿಸುವ ಕೆಲಸವನ್ನು ಉಪನ್ಯಾಸಕರ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ.

ನಾನು ಒತ್ತಿ ಹೇಳಬೇಕಾದದ್ದು ವಿಂಡೋಸ್‌ನ ಡಿಸ್ಕ್ ಗೂಢಲಿಪೀಕರಣವಾದ ಬಿಟ್‌ಲಾಕರ್ ಬಗ್ಗೆ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಮುಂದುವರಿಯಿರಿ. ಕಳೆದ ವರ್ಷ ನಾನು ಅದನ್ನು ಬರೆದಿಟ್ಟುಕೊಳ್ಳದೆ ಬಯಾಸ್ ಬದಲಾಯಿಸಿದಾಗ ವಿಂಡೋಸ್ ಆ ಕೀ ಕೇಳಿತು, ಒಂದಿಡೀ ಭಾನುವಾರ ಯಾವ ಖಾತೆಯಲ್ಲಿ ಕೀ ಉಳಿದಿದೆಯೆಂದು ಹುಡುಕುತ್ತ ಕುಳಿತಿದ್ದೆ. ಕೀ ಬರೆದಿಟ್ಟ ಬಳಿಕ ಗೂಢಲಿಪೀಕರಣವನ್ನೂ ವಿಂಡೋಸನ್ನು ಬೇಗ ತೆರೆಯುವ ಫಾಸ್ಟ್ ಸ್ಟಾರ್ಟಪ್ಪನ್ನೂ ನಿಲ್ಲಿಸಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿಯೇ ಸಿ ಡ್ರೈವನ್ನು ಕಿರಿದು ಮಾಡಿ 120 ಜಿಬಿಯಷ್ಟು ಜಾಗ ಖಾಲಿ ಬಿಡಿ.

ಉತ್ತರ 3

ಕನ್ನಡ ಬರೆಯಲು ಐಬಸ್ ಮತ್ತು ಎಂ17ಎನ್ ಪ್ಯಾಕೇಜುಗಳನ್ನು ಹಾಕಿಕೊಂಡು, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಆರಿಸಿ. ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಅನುಸರಿಸಿದ ಕಾರಣ ನುಡಿಯಲ್ಲಿ ಪಳಗಿದ ಬೆರಳಿಗೆ ಅದು ಹೊಸದೆನಿಸದು. ಅಲ್ಲಿಯಂತೆ ಇಲ್ಲಿಯೂ ಕೆ, ಎಫ್, ಕೆ ಒತ್ತಿದರೆ ‘ಕ್ಕ’ ಮೂಡುತ್ತದೆ. ಆದರೆ ಯೂನಿಕೋಡ್‌ಗೆ ಮುಂಚಿನ ನುಡಿ ಕಡತಗಳು ಲಿಬ್ರೆಆಫೀಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದರಿಂದ, ಅವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದುಕೊಳ್ಳುವುದು ಒಳ್ಳೆಯದು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಚಿಪ್ಪು ತಾವು ಊಹಿಸಿದ್ದೇ ಆಗಿತ್ತು. ಮಿಂಟ್ 22ರಲ್ಲಿ ವೈಫೈಯೂ ಎಸ್‌ಎಸ್‌ಡಿಯೂ ಕಂಡವು, ಬಯಾಸನ್ನು ಮುಟ್ಟಲೇ ಇಲ್ಲ. ಒಂದೇ ಒಂದು ವಿಚಿತ್ರವೆಂದರೆ, ಮಿಂಟ್ ಬಳಸಿ ವಿಂಡೋಸ್‌ಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ.

ಉತ್ತರ 1

ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಆದೇಶದಲ್ಲಿ ಸೆಟ್-ಲೋಕಲ್-ಆರ್‌ಟಿಸಿ ಆಯ್ಕೆಗೆ 1 ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ.