ಕೋವಿ, ಒಡವೆ ಎರಡೂ ಇಡೋಕೆ ಕಡಿಮೆ ಬೆಲೆಯ ಸೇಫ್ ಯಾವುದು ಒಳ್ಳೇದು? (ಮೂಡಿಗೆರೆ ಕಡೆ, ತೋಟದ ಮನೆ)

ಮೂಡಿಗೆರೆ_ಅರೇಬಿಕಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲೂಕಿನಲ್ಲಿ ಕಾಫಿ ತೋಟ. ಮನೆ ತೋಟದ ನಡುವೆಯೇ ಇದೆ, ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರ ಮನೆಯೂ ಇಲ್ಲ. ಅಪ್ಪನಿಗೆ 70 ದಾಟಿದ ಮೇಲೆ ಅವರ ಜೋಡಿ ನಳಿಗೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆವು. 12 ಬೋರ್, ಬೆಳೆ ರಕ್ಷಣೆಗೆ ಅಂತ ತೆಗೆದುಕೊಂಡಿದ್ದು. ಲೈಸೆನ್ಸ್ ಕೈಗೆ ಬಂದಿದೆ.

ಇಷ್ಟು ವರ್ಷ ಕೋವಿ ಬೀರುವಿನ ಹಿಂದೆ ಗೋಡೆಗೆ ಒರಗಿಕೊಂಡಿರುತ್ತಿತ್ತು, ತೋಟೆಗಳು ಬೀರುವಿನ ಮೇಲೆ ಒಂದು ಬಿಸ್ಕೆಟ್ ಡಬ್ಬಿಯಲ್ಲಿ. ಈಗ ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ, ಕುರ್ಚಿ ಎಳೆದುಕೊಂಡು ಎಲ್ಲಿಗೆ ಬೇಕಾದರೂ ಹತ್ತುತ್ತಾನೆ. ಹಾಗಾಗಿ ಒಂದು ದೊಡ್ಡ ಡಿಜಿಟಲ್ ಲಾಕರ್ ತಂದು ಕೋವಿ, ತೋಟೆ, ಹೆಂಡತಿ ಮತ್ತು ಅಮ್ಮನ ಒಡವೆ, ಜಮೀನಿನ ಕ್ರಯಪತ್ರ ಎಲ್ಲ ಒಟ್ಟಿಗೆ ಇಟ್ಟುಬಿಡೋಣ ಅಂತ ಯೋಚನೆ. ಬಜೆಟ್ 20 ಸಾವಿರದ ಒಳಗೆ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲವೂ ಗಿಡ್ಡ, ಕೋವಿ ಹಿಡಿಯುವುದಿಲ್ಲ. ಉದ್ದದ್ದು ಸಿಕ್ಕರೆ ಬೆಲೆ ಕೈಗೆ ಎಟುಕುವುದಿಲ್ಲ. ಮನೆ ಹಳೇದು, ಮಣ್ಣಿನ ಗೋಡೆ, ನೆಲಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಿದ್ದೇವೆ. ಏನು ಮಾಡಬಹುದು ಹೇಳಿ.

ಸಕಲೇಶಪುರ_ತೋಟಗಾರ:

ನಮಸ್ಕಾರ. ಮಗನ ವಿಷಯ ಯೋಚಿಸಿ ಈ ಕೆಲಸಕ್ಕೆ ಕೈ ಹಾಕಿದ್ದು ಬಹಳ ಒಳ್ಳೇದಾಯಿತು. ಆದರೆ ಎಲ್ಲ ಒಟ್ಟಿಗೆ ಇಡುವ ಯೋಚನೆ ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಒಡವೆ ಮನೆಯವರೆಲ್ಲರದ್ದು. ಮದುವೆ, ನಾಮಕರಣ, ಹಬ್ಬ ಅಂತ ಅಮ್ಮ ತೆಗೀತಾರೆ, ನಿಮ್ಮ ಮನೆಯವರು ತೆಗೀತಾರೆ, ನೀವು ಊರಲ್ಲಿ ಇಲ್ಲದಾಗ ಫೋನಿನಲ್ಲೇ ನಂಬರ್ ಕೇಳಿ ತೆಗೀತಾರೆ. ಕೋವಿ ಹಾಗಲ್ಲ ಅಲ್ವಾ? 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಈಗ ಲೈಸೆನ್ಸ್ ನಿಮ್ಮ ಹೆಸರಲ್ಲಿದೆ, ಅಂದರೆ ಅದು ಇರುವ ಪೆಟ್ಟಿಗೆಯ ಕೀ ನಿಮ್ಮ ಹತ್ತಿರ ಮಾತ್ರ ಇರಬೇಕು. ಅಪ್ಪ ಇಷ್ಟು ವರ್ಷ ಹಿಡಿದವರೇ ಇರಬಹುದು, ಆದರೂ ಕೀ ಅವರ ಕೈಗೂ ಕೊಡಬೇಡಿ. ಒಂದೇ ಲಾಕರ್ ಆದರೆ ಬಳೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಕೋವಿ ಎದುರಿಗೆ ಬರುತ್ತದೆ, ಪಕ್ಕದಲ್ಲಿ ಮಗ ನಿಂತು ನೋಡುತ್ತಿರುತ್ತಾನೆ.

ತೋಟೆಯನ್ನೂ ಕೋವಿ ಜೊತೆ ಇಡಬೇಡಿ. ಬೇರೆ ಪೆಟ್ಟಿಗೆ, ಬೇರೆ ಬೀಗ, ಸಾಧ್ಯವಾದರೆ ಬೇರೆ ಕೋಣೆ. ಕೋವಿ ಒಳಗಿಡುವ ಮುಂಚೆ ಪ್ರತಿ ಸಲವೂ ಮಡಚಿ ಎರಡೂ ನಳಿಗೆಯಲ್ಲಿ ಬೆಳಕು ಹಾಯುತ್ತದಾ ನೋಡಿಯೇ ಇಡಿ, ನಿನ್ನೆ ತಾನೇ ನೋಡಿದ್ದೆ ಅನ್ನಬೇಡಿ.

ಉದ್ದದ ಚಿಂತೆ ನಿಮಗೆ ಬೇಕಾಗಿಲ್ಲ. ಮಡಚುವ ಕೋವಿ ತಾನೇ, ಮುಂದಿನ ಮರದ ತುಂಡು ತೆಗೆದರೆ ನಳಿಗೆ ಮತ್ತು ಹಿಡಿ ಎರಡು ಭಾಗ ಆಗುತ್ತದೆ. ಆಗ ಅತಿ ಉದ್ದ ಅಂದರೆ ನಳಿಗೆ, 30 ಅಥವಾ 32 ಇಂಚು. ಮೂರು ಅಡಿ ಪೆಟ್ಟಿಗೆಯಲ್ಲಿ ಆರಾಮಾಗಿ ಕೂರುತ್ತದೆ. ಮುಂದಿನ ತುಂಡನ್ನು ತೋಟೆ ಪೆಟ್ಟಿಗೆಯಲ್ಲಿ ಇಟ್ಟರೆ ಇನ್ನೂ ಒಳ್ಳೇದು, ಕೋವಿ ಯಾರ ಕೈಗೆ ಸಿಕ್ಕರೂ ಸುಲಭಕ್ಕೆ ಜೋಡಿಸಿ ಹಾರಿಸಲು ಆಗುವುದಿಲ್ಲ.

ಹಾಸನ_ವೆಲ್ಡಿಂಗ್:

ನಾನು ಇದೇ ಕೆಲಸದಲ್ಲಿ ಇರುವವನು, ಕೋವಿ ಪೆಟ್ಟಿಗೆ ಮಾಡಿಕೊಟ್ಟು ಅಭ್ಯಾಸ ಇದೆ. ಮೇಲಿನವರು ಹೇಳಿದ ಹಾಗೆ ಮೂರು ಅಡಿ ಸಾಕು. ರೆಡಿಮೇಡ್ ಲಾಕರ್ ನೋಡುವಾಗ ಎಷ್ಟು ಲೀಟರ್ ಅನ್ನೋದಕ್ಕಿಂತ ತೂಕ ಎಷ್ಟು, ತಗಡು ಎಷ್ಟು ಎಂಎಂ ಅಂತ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಬಾಗಿಲು ದಪ್ಪ ಇರುತ್ತದೆ, ಮೈ ಮಾತ್ರ ತೆಳು. ಕಳ್ಳ ಬಾಗಿಲನ್ನೇ ಒಡೆಯಬೇಕು ಅಂತ ಏನೂ ಇಲ್ಲ.

ಲೆಕ್ಕ ಹೇಳುತ್ತೇನೆ. 3 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ಒಂದು ಚದರ ಅಡಿಗೆ ಹತ್ತಿರ ಹತ್ತಿರ 2 ಕೆಜಿ 200 ಗ್ರಾಂ ಬರುತ್ತದೆ. ಮೂರು ಅಡಿ ಎತ್ತರ, ಒಂದಡಿ ಅಗಲ, ಒಂದಡಿ ಆಳ ಅಂದರೆ ಎಲ್ಲ ಮುಖ ಸೇರಿ 14 ಚದರ ಅಡಿ, ಅಲ್ಲಿಗೆ ಸುಮಾರು 31 ಕೆಜಿ. ಮೇಲೆ ಬಾಗಿಲಿನ ಪಟ್ಟಿ, ಹಿಂಜ್, ಬೀಗ. ಕಬ್ಬಿಣ ಕೆಜಿ ಲೆಕ್ಕ, ಕೂಲಿ ಬೇರೆ. ನಿಮ್ಮೂರಿನ ಯಾವ ಶಾಪ್‌ನಲ್ಲಿ ಕೇಳಿದರೂ ಇದೇ ಲೆಕ್ಕ ಮುಂದಿಟ್ಟು ಮಾತಾಡಿ, ಆಗ ಸುಮ್ನೆ ಬಾಯಿಗೆ ಬಂದ ರೇಟ್ ಹೇಳಲು ಆಗುವುದಿಲ್ಲ.

ಮೂರು ವಿಷಯದಲ್ಲಿ ರಾಜಿ ಆಗಬೇಡಿ. ಒಂದು, ಹಿಂಜ್ ಹೊರಗಿದ್ದರೆ ಗ್ರೈಂಡರ್‌ನಲ್ಲಿ ಕತ್ತರಿಸಬಹುದು, ಆದ್ದರಿಂದ ಹಿಂಜ್ ಇರುವ ಕಡೆಯೂ ಬಾಗಿಲಿನ ಒಳಗೆ ಎರಡು ಗಟ್ಟಿ ಪಿನ್ ಹಾಕಿಸಿ, ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿನ ರಂಧ್ರದಲ್ಲಿ ಕೂರಬೇಕು. ಎರಡು, ಬೀಗ ಏಳು ಲಿವರ್‌ದ್ದೇ ಇರಲಿ, ಹೊರಗೆ ಜೋತುಬೀಳುವ ಬೀಗ ಬೇಡ. ಮೂರನೇದೇ ಎಲ್ಲಕ್ಕಿಂತ ಮುಖ್ಯ, ನೆಲಕ್ಕೆ ಬೋಲ್ಟ್ ಮಾಡುವುದು. 31 ಕೆಜಿ ಅಂದರೆ ಒಂದು ಕಾಫಿ ಮೂಟೆಗಿಂತ ಹಗುರ, ಇಬ್ಬರು ಸಲೀಸಾಗಿ ಹೊತ್ತುಕೊಂಡು ಹೋಗುತ್ತಾರೆ. ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ, ಜೋರಾಗಿ ಎಳೆದರೆ ಮಣ್ಣಿನ ಸಮೇತ ಬರುತ್ತದೆ. ನಿಮ್ಮದು ಕಾಂಕ್ರೀಟ್ ನೆಲ ಅಂದಿರಿ, ಅಲ್ಲಿಗೆ ನಾಲ್ಕು 12 ಎಂಎಂ ಆಂಕರ್ ಬೋಲ್ಟ್ ಹಾಕಿ, ನಟ್ ಪೆಟ್ಟಿಗೆ ಒಳಗೆ ಬರುವ ಹಾಗೆ. ನೆಲದ ಕಾಂಕ್ರೀಟ್ ಎಷ್ಟು ದಪ್ಪ ಇದೆ ಅಂತ ಮೊದಲು ನೋಡಿ, ಎರಡು ಇಂಚಷ್ಟೇ ಇದ್ದರೆ ಆ ಜಾಗ ಅಗೆದು ಹೊಸದಾಗಿ ಹಾಕಿಸುವುದೇ ಸರಿ.

ಡಿಜಿಟಲ್ ಕೆಟ್ಟದ್ದು ಅಂತ ಹೇಳುವುದಿಲ್ಲ. ಆದರೆ ಕಡಿಮೆ ಬೆಲೆಯ ಡಿಜಿಟಲ್ ಬೀಗಗಳಲ್ಲಿ ಒಳಗಿನ ಸಣ್ಣ ಪಿನ್ ಬಲವಾದ ಏಟಿಗೇ ಸರಿದುಬಿಡುವುದುಂಟು. ಮೋಟಾರಿನಿಂದ ಬೋಲ್ಟ್ ಓಡುವ ಮಾಡೆಲ್ ಆದರೆ ಪರವಾಗಿಲ್ಲ. ಕಂಪನಿಯಿಂದ ಬರುವ ನಂಬರನ್ನು ಮೊದಲ ದಿನವೇ ಬದಲಿಸಿ. ಎಮರ್ಜೆನ್ಸಿ ಕೀಯನ್ನು ಲಾಕರ್ ಒಳಗೇ ಇಟ್ಟು ಬಾಗಿಲು ಹಾಕಬೇಡಿ, ಬ್ಯಾಟರಿ ಸತ್ತ ದಿನ ಬಾಗಿಲು ಕತ್ತರಿಸಲು ನಮ್ಮಂಥವರೇ ಬರಬೇಕಾಗುತ್ತದೆ.

ಕೊಪ್ಪ_ಮಳೆಗಾಲ:

ಕಳ್ಳತನದ ಬಗ್ಗೆ ಎಲ್ಲರೂ ಹೇಳಿದರು, ನಾನು ತುಕ್ಕಿನ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಪೆಟ್ಟಿಗೆ ಮುಚ್ಚಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಕೋವಿಯನ್ನು ಚರ್ಮದ ಚೀಲದಲ್ಲಾಗಲಿ ಸ್ಪಂಜಿನ ಕವರ್‌ನಲ್ಲಾಗಲಿ ಇಟ್ಟು ಪೆಟ್ಟಿಗೆಗೆ ಹಾಕಬೇಡಿ. ಅವು ನೀರು ಹೀರಿಕೊಂಡು ನಳಿಗೆಗೆ ಅಂಟಿಸಿಕೊಂಡೇ ಇರುತ್ತವೆ. ನಳಿಗೆಗೆ ಗನ್ ಆಯಿಲ್ ತೆಳ್ಳಗೆ ಒರೆಸಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬೆರಳಿನ ಬೆವರು ತಾಗಿದ ಕಡೆಯೇ ಮೊದಲು ತುಕ್ಕು ಬರುವುದು, ಮುಟ್ಟಿದ ಮೇಲೆ ಒರೆಸಿಯೇ ಇಡಿ. ಸಿಲಿಕಾ ಜೆಲ್ ದೊಡ್ಡ ಪ್ಯಾಕೆಟ್ ಹಾಕಿ, ನೀಲಿ ಬಣ್ಣದ್ದು ತೇವ ಹೀರಿದ ಮೇಲೆ ಗುಲಾಬಿ ಆಗುತ್ತದೆ. ಅಡುಗೆ ಪಾತ್ರೆಗೆ ಹಾಕದೆ ಬೇರೆ ತಟ್ಟೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಹಿಂದೆ ಬೀರುವಿನೊಳಗೆ ಝೀರೋ ಬಲ್ಬ್ ಉರಿಸುತ್ತಿದ್ದರು, ಆ ಕಾವಿಗೆ ತೇವ ನಿಲ್ಲುತ್ತಿರಲಿಲ್ಲ. ಈಗಿನ ಎಲ್ಇಡಿ ಝೀರೋ ಬಲ್ಬ್‌ಗೆ ಆ ಕಾವಿಲ್ಲ, ಹಾಕಿ ಪ್ರಯೋಜನ ಇಲ್ಲ.

ಇನ್ನೊಂದು. ಬೆಂಕಿ ತಡೆಯುವ ಸೇಫ್ ಅಂತ ಜಾಸ್ತಿ ದುಡ್ಡು ಕೊಟ್ಟು ತಂದು ಅದರಲ್ಲಿ ಕೋವಿ ಇಡಬೇಡಿ. ಅದರ ಗೋಡೆಯೊಳಗೆ ತುಂಬಿರುವ ಪದಾರ್ಥದಲ್ಲೇ ನೀರಿನ ಅಂಶ ಇರುತ್ತದೆ, ಬೆಂಕಿ ತಡೆಯುವುದೂ ಅದರಿಂದಲೇ. ಸಾಮಾನ್ಯ ದಿನಗಳಲ್ಲಿ ಆ ತೇವ ಒಳಗೆ ಬರುತ್ತದೆ. ಕಾಗದಪತ್ರಕ್ಕೆ ಸರಿ, ಅದನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಬೇಕು.

ಮೂಡಿಗೆರೆ_ಅರೇಬಿಕಾ:

ತುಂಬಾ ಧನ್ಯವಾದ. ಕೀ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಕೋವಿಗೆ ಪೆಟ್ಟಿಗೆ ಮಾಡಿಸುತ್ತೇನೆ. ಹಾಗಾದರೆ ಒಡವೆಗೆ ಚಿಕ್ಕ ಲಾಕರ್ ತರಲೋ, ಬ್ಯಾಂಕಿನಲ್ಲೇ ಇಡಲೋ? ಮತ್ತೆ ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಹೋದರೆ ಮನೆ ಖಾಲಿ ಇರುತ್ತದೆ, ಆಗ ಕೋವಿಯನ್ನು ಏನು ಮಾಡುವುದು?

ಸಕಲೇಶಪುರ_ತೋಟಗಾರ:

ದಿನಾ ಹಾಕುವ ಒಂದೆರಡು ಒಡವೆಗೆ ಚಿಕ್ಕ ಲಾಕರ್ ಸಾಕು. ಮಿಕ್ಕಿದ್ದು ಬ್ಯಾಂಕಿಗೆ ಹೋಗಲಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ನಷ್ಟ ಆದರೆ ಬ್ಯಾಂಕ್ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಹೊಣೆ. ಅಂದರೆ ಬಾಡಿಗೆ 2,000 ಆದರೆ ಹೆಚ್ಚೆಂದರೆ 2 ಲಕ್ಷ. ಚಿನ್ನದ ಬೆಲೆ ನೋಡಿದರೆ ಅದು ಕಡಿಮೆಯೇ, ಹಾಗಾಗಿ ಬಿಲ್, ಫೋಟೋ ಇಟ್ಟುಕೊಂಡು ಬೇರೆ ಇನ್ಶೂರೆನ್ಸ್ ಮಾಡಿಸುವುದು ಒಳ್ಳೇದು. ಕೋವಿ, ತೋಟೆ ಮಾತ್ರ ಬ್ಯಾಂಕ್ ಲಾಕರಿನಲ್ಲಿ ಇಡುವಂತಿಲ್ಲ.

ಮನೆ ಖಾಲಿ ಬಿಡುವಾಗ ಲೈಸೆನ್ಸ್ ಇರುವ ಆಯುಧ ಅಂಗಡಿಯವರ ಹತ್ತಿರ ಅಥವಾ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತೆಗೆದುಕೊಳ್ಳಬಹುದು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರುತ್ತೇವಲ್ಲ, ಹಾಗೇ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಕೋವಿಯ ನಂಬರ್, ಲೈಸೆನ್ಸಿನ ಯುಐಎನ್ (ವಿಶಿಷ್ಟ ಗುರುತಿನ) ನಂಬರ್ ಎರಡನ್ನೂ ಬರೆದು ಮನೆಯಿಂದ ಹೊರಗೆ ಎಲ್ಲಾದರೂ ಇಟ್ಟಿರಿ. ಕೋವಿ ಕಳವಾದರೆ ತಕ್ಷಣ ಠಾಣೆಗೆ ತಿಳಿಸಲೇಬೇಕು, ಆ ಗಾಬರಿಯಲ್ಲಿ ನಂಬರ್ ಹುಡುಕುತ್ತಾ ಕೂರುವ ಹಾಗಾಗಬಾರದು.

ಹಾಸನ_ವೆಲ್ಡಿಂಗ್:

ಪೆಟ್ಟಿಗೆ ಮಾಡಿಸುವ ಮುಂಚೆ ನಳಿಗೆಯನ್ನು ಟೇಪ್ ಹಿಡಿದು ಅಳೆಯಿರಿ, ಬಾಯಿಯಿಂದ ಬುಡದವರೆಗೆ. ಅದಕ್ಕೆ ಎರಡು ಇಂಚು ಸೇರಿಸಿ ಒಳಗಿನ ಅಳತೆ ಕೊಡಿ. ಅಳತೆ ಕೊಟ್ಟರೆ ಸಾಕು, ಕೋವಿಯನ್ನು ಶಾಪ್‌ಗೆ ತರಬೇಡಿ. ಮಳೆ ಹಿಡಿಯುವ ಮುಂಚೆ ಮಾಡಿಸಿದರೆ ರೆಡ್ ಆಕ್ಸೈಡ್, ಪೇಂಟ್ ಎರಡೂ ಸರಿಯಾಗಿ ಒಣಗುತ್ತದೆ. ಜೂನ್ ಆಯಿತು ಅಂದರೆ ಪೇಂಟ್ ವಾರಗಟ್ಟಲೆ ಕೈಗೆ ಅಂಟುತ್ತಿರುತ್ತದೆ.