ಫ್ರಿಜ್ ಮೇಲೆ ಟ್ರ್ಯಾಕ್ಟರ್ ಕಂಪನಿ ಗುರುತು ಇದೆ, ಇದು ಅಸಲಿನಾ?

ಚಾಮರಾಜಪೇಟೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ಅಜ್ಜಿ ಮನೆ ಖಾಲಿ ಮಾಡುತ್ತಿದ್ದೇವೆ, ಮುಂದಿನ ತಿಂಗಳು ಬಿಲ್ಡರ್ ಕೈಗೆ ಕೀಲಿ ಕೊಡಬೇಕು. ಉಗ್ರಾಣದಲ್ಲಿ ಒಂದು ಹಳೇ ಫ್ರಿಜ್ ಸಿಕ್ಕಿದೆ. ಸಿಕ್ಕಿದೆ ಅಂದರೆ, ಅದು ಅಲ್ಲೇ ಇತ್ತು, ಅಜ್ಜಿ ಅದರೊಳಗೆ ಹಪ್ಪಳ, ಸಂಡಿಗೆ, ಬೇಳೆ ಡಬ್ಬ ಇಡುತ್ತಿದ್ದರು, ಇಲಿ ಬರಲ್ಲ ಅಂತ. ನಾವ್ಯಾರೂ ಅದನ್ನು ಫ್ರಿಜ್ ಅಂತ ನೋಡಿರಲೇ ಇಲ್ಲ. ದುಂಡು ಮೂಲೆ, ಹಳದಿಗೆ ತಿರುಗಿದ ಬಿಳಿ ಬಣ್ಣ, ಹಳೇ ಲಾರಿ ಬಾಗಿಲಿಗೆ ಇರುವಂಥ ದಪ್ಪ ಹಿಡಿ. ಎಳೆದರೆ ಟಕ್ ಅಂತ ಶಬ್ದ ಮಾಡಿ ಬಾಗಿಲು ತೆರೆಯುತ್ತದೆ.

ವಿಷಯ ಏನಪ್ಪಾ ಅಂದರೆ, ಬಾಗಿಲ ಮೇಲೆ ಕೆಂಪು ಐ, ಹಿಂದೆ ಕಪ್ಪು ಎಚ್ ಇರುವ ಗುರುತಿದೆ. ದೊಡ್ಡಬಳ್ಳಾಪುರದ ಹತ್ತಿರ ಮಾವನ ಶೆಡ್ಡಿನಲ್ಲಿ ನಿಂತಿರುವ ಹಳೇ ಟ್ರ್ಯಾಕ್ಟರ್ ಮೂತಿಯಲ್ಲೂ ಇದೇ ಗುರುತು! ಯಾರೋ ತಮಾಷೆಗೆ ಅಂಟಿಸಿದ್ದಾರೆ ಅಂತ ಅಣ್ಣ ಹೇಳುತ್ತಾನೆ. ತಾತ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಅಮೆರಿಕನ್ ಇಂಜಿನಿಯರ್ ಇದ್ದನಂತೆ, ಊರಿಗೆ ವಾಪಸ್ ಹೋಗುವಾಗ ಮನೆ ಸಾಮಾನೆಲ್ಲಾ ಮಾರಿ ಹೋದನಂತೆ, ಅಮ್ಮನಿಗೆ ಗೊತ್ತಿರುವುದು ಇಷ್ಟೇ. ಟ್ರ್ಯಾಕ್ಟರ್ ಕಂಪನಿ ಫ್ರಿಜ್ ಮಾಡಿದ್ದು ನಿಜಾನಾ? ಪ್ಲಗ್ ಹಾಕಿ ನೋಡಬಹುದಾ? ಇಲ್ಲ ಸುಮ್ನೆ ಗುಜರಿಗೆ ಕೊಡೋದಾ?

ಹಳೇ ಗಾಡಿ ಹುಚ್ಚ

ಮೊದಲು ಒಂದು ಮಾತು. ಪ್ಲಗ್ ಹಾಕಬೇಡಿ. ಗುಜರಿಗೂ ಕೊಡಬೇಡಿ. ಈಗ ಕಥೆ ಹೇಳುತ್ತೇನೆ.

ಅದು ಅಸಲಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅಂತ ಶಿಕಾಗೋ ಕಂಪನಿ, ಟ್ರ್ಯಾಕ್ಟರು, ಟ್ರಕ್ಕು, ಕಟಾವು ಯಂತ್ರ ಅವರ ಕಸುಬು. 1947ರಿಂದ 1955ರವರೆಗೆ ಅವರು ಮನೆ ಫ್ರಿಜ್, ಫ್ರೀಜರ್ ಎರಡನ್ನೂ ಮಾಡಿದರು. ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನಲ್ಲಿ ಯುದ್ಧದ ಕಾಲಕ್ಕೆ ಪಿ-47 ಯುದ್ಧವಿಮಾನ ಮಾಡುತ್ತಿದ್ದ ಕಾರ್ಖಾನೆ ಖಾಲಿ ಬಿದ್ದಿತ್ತು, ಅದನ್ನು ತೆಗೆದುಕೊಂಡು ಅಲ್ಲಿ ಫ್ರಿಜ್ ಕೆಲಸ ಶುರು ಮಾಡಿದರು. 1955ರಲ್ಲಿ ಆ ಕೆಲಸವನ್ನೆಲ್ಲಾ ವರ್ಲ್‌ಪೂಲ್‌ಗೆ ಮಾರಿದರು. ಹಾಗಾಗಿ ನಿಮ್ಮ ಫ್ರಿಜ್ ವಯಸ್ಸು ಹುಡುಕುವುದು ಸುಲಭ, ಆ ಏಳೆಂಟು ವರ್ಷದೊಳಗಿನದ್ದೇ.

ಟ್ರ್ಯಾಕ್ಟರ್‌ನವರಿಗೆ ಫ್ರಿಜ್ ಯಾಕೆ ಅಂತ ಕೇಳಬಹುದು. ಅವರ ಗಿರಾಕಿ ರೈತ. ಅಮೆರಿಕದ ಹಳ್ಳಿಗಳಿಗೆ ಕರೆಂಟ್ ಸರಿಯಾಗಿ ಬರತೊಡಗಿದ್ದೇ 1930ರ ದಶಕದ ಕೊನೆಗೆ. ಹಾಲಿನಿಂದ ಕೆನೆ ತೆಗೆಯುವ ಯಂತ್ರ, ಹಾಲು ತಣ್ಣಗಿಡುವ ಕೂಲರ್ ಇವರು ಆಗಲೇ ಮಾರುತ್ತಿದ್ದರು. ಊರೂರಲ್ಲಿ ಡೀಲರ್ ಇದ್ದಾನೆ, ಸಾಲ ಕೊಡುವ ವ್ಯವಸ್ಥೆ ಇದೆ, ರಿಪೇರಿಗೆ ಜನ ಇದ್ದಾರೆ. ಟ್ರ್ಯಾಕ್ಟರ್ ನೋಡೋಕೆ ಬಂದ ರೈತನ ಹೆಂಡತಿಗೆ ಪಕ್ಕದಲ್ಲೇ ಒಂದು ಫ್ರಿಜ್ ತೋರಿಸಿದರೆ ಆಯ್ತಲ್ಲ. ಇದಕ್ಕೆ ಅಂತಲೇ ಅವರು ಇರ್ಮಾ ಹಾರ್ಡಿಂಗ್ ಅಂತ ಒಬ್ಬ ಗೃಹಿಣಿ ಸಲಹೆಗಾರ್ತಿಯನ್ನು ಜಾಹೀರಾತಿನಲ್ಲಿ ತಂದರು, ಅಡುಗೆ ಹೇಳಿಕೊಡುತ್ತಾಳೆ, ತರಕಾರಿ ಹೇಗೆ ಫ್ರೀಜ್ ಮಾಡಬೇಕು ಅಂತ ಹೇಳುತ್ತಾಳೆ. ಅಂಥ ಹೆಂಗಸು ಇರಲೇ ಇಲ್ಲ. ಹೆಸರಿನ ಮೊದಲ ಅಕ್ಷರ ಎರಡೂ ನೋಡಿ, ಐ ಮತ್ತು ಎಚ್!

ಆ ಗುರುತಿನ ಬಗ್ಗೆಯೂ ಹೇಳಿಬಿಡುತ್ತೇನೆ. 1945ರ ಸುಮಾರಿಗೆ ರೇಮಂಡ್ ಲೋವಿ ಅನ್ನುವ ಡಿಸೈನರ್ ಮಾಡಿದ್ದು. ಎದುರಿನಿಂದ ಬರುವ ಟ್ರ್ಯಾಕ್ಟರ್ ಮತ್ತು ಅದರ ಮೇಲೆ ಕೂತ ಡ್ರೈವರ್ ಅಂತ ಅದರ ಲೆಕ್ಕ, ಈಗ ಒಂದ್ಸಲ ನೋಡಿ, ಕಾಣುತ್ತದೆ. ಅದೇ ಮನುಷ್ಯ 1935ರಲ್ಲಿ ಸಿಯರ್ಸ್ ಅನ್ನುವ ಅಮೆರಿಕದ ಅಂಗಡಿ ಕಂಪನಿಯ ಕೋಲ್ಡ್‌ಸ್ಪಾಟ್ ಫ್ರಿಜ್ಜಿಗೂ ರೂಪ ಕೊಟ್ಟ, ಆಮೇಲೆ ಸ್ಟೂಡಿಬೇಕರ್ ಕಾರುಗಳಿಗೂ ಕೊಟ್ಟ.

ಇನ್ನು ನಿಮ್ಮ ಮಾವನ ಟ್ರ್ಯಾಕ್ಟರ್. 1963ರಲ್ಲಿ ಮಹೀಂದ್ರ, ವೋಲ್ಟಾಸ್ ಮತ್ತು ಇದೇ ಹಾರ್ವೆಸ್ಟರ್ ಸೇರಿ ಇಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು, ಬಿ-275 ಅಂತ ಬಂತು. ಬಹುಶಃ ಅದೇ ಇರಬೇಕು, ಫೋಟೋ ಹಾಕಿ. ಅಂದರೆ ನಿಮ್ಮ ಮನೆಯಲ್ಲಿ ಫ್ರಿಜ್ಜೂ ಟ್ರ್ಯಾಕ್ಟರೂ ಒಂದೇ ಬಳಗದವು, ಇಷ್ಟು ದಿನ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ ಅಷ್ಟೇ.

ಜಯನಗರ 4ನೇ ಬ್ಲಾಕ್

ಇದೆಲ್ಲಾ ಬರೀ ಲೇಬಲ್ ವ್ಯಾಪಾರ ಅಲ್ವಾ ಗುರು? ಯಾರೋ ಮಾಡಿದ ಪೆಟ್ಟಿಗೆಗೆ ದೊಡ್ಡ ಕಂಪನಿ ಹೆಸರು ಅಂಟಿಸೋದು. ಈಗಲೂ ಟಿವಿಗಳಲ್ಲಿ ನಡೆಯುತ್ತಿರೋದು ಅದೇ. ಫೋರ್ಡ್ ಕೂಡ ಫ್ರಿಜ್ ಮಾರಿದೆ ಅಂತ ಓದಿದ್ದೆ.

ಹಳೇ ಗಾಡಿ ಹುಚ್ಚ

ಎಲ್ಲರನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ ಸರ್. ಫೋರ್ಡ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ನಿಜ. 1961ರಲ್ಲಿ ಫಿಲ್ಕೋ ಅನ್ನುವ ರೇಡಿಯೋ ಕಂಪನಿಯನ್ನು ಫೋರ್ಡ್ ಕೊಂಡುಕೊಂಡಿತು, ಫಿಲ್ಕೋ-ಫೋರ್ಡ್ ಅಂತ ಹೆಸರಿಟ್ಟು ಟಿವಿ, ಫ್ರಿಜ್ ಮಾರಿತು, 1974ರಲ್ಲಿ ಕೈತೊಳೆದುಕೊಂಡಿತು. ಅದರಲ್ಲಿ ಕಾರಿನ ಬುದ್ಧಿ ಏನೂ ಇರಲಿಲ್ಲ.

ಜನರಲ್ ಮೋಟರ್ಸ್ ಕಥೆ ಬೇರೆ. ಫ್ರಿಜಿಡೇರ್ ಅನ್ನುವ ಫ್ರಿಜ್ ಕಂಪನಿ 1919ರಿಂದ 1979ರವರೆಗೆ ಅವರದ್ದೇ, ಅರವತ್ತು ವರ್ಷ! ಓಹಾಯೋದ ಡೇಟನ್‌ನಲ್ಲಿ ಸ್ವಂತ ಕಾರ್ಖಾನೆ. ಶುರುವಿನ ಕಾಲದ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಥರದ ವಿಷದ ಅನಿಲ ಇರುತ್ತಿದ್ದವು, ಸೋರಿದರೆ ಮನೆಯವರ ಪ್ರಾಣಕ್ಕೇ ಕುತ್ತು. ಅದಕ್ಕೆ ಬದಲಿ ಹುಡುಕಲು ಜಿಎಂ ತನ್ನ ಸಂಶೋಧಕ ಥಾಮಸ್ ಮಿಜ್ಲಿಗೆ ಹೇಳಿತು, 1928ರ ಹೊತ್ತಿಗೆ ಅವನ ತಂಡ ಫ್ರಿಯಾನ್ ಕಂಡುಹಿಡಿಯಿತು. ಪೆಟ್ರೋಲಿಗೆ ಸೀಸ ಬೆರೆಸುವ ಐಡಿಯಾವೂ ಇವನದ್ದೇ. ಒಂದು ಸೀಸದ ಹೊಗೆ ಕೊಟ್ಟಿತು, ಇನ್ನೊಂದು ಓಝೋನ್ ಪದರಕ್ಕೆ ತೂತು ಮಾಡಿತು. ಪಾಪ, ಮಾಡುವಾಗ ಎರಡೂ ದೊಡ್ಡ ಉಪಕಾರ ಅನ್ನಿಸಿರಬೇಕು. ಇನ್ನೊಂದು ವಿಷಯ, ಕಾರಿನ ಎಸಿಗೆ ಅಂತ ಫ್ರಿಜಿಡೇರ್ ಮಾಡಿದ ಎ6 ಕಂಪ್ರೆಸರ್ ಎಷ್ಟು ಗಟ್ಟಿ ಅಂದರೆ ರೋಲ್ಸ್‌ರಾಯ್ಸ್ ಕೂಡ ಅದನ್ನೇ ಹಾಕಿಕೊಂಡಿತು. ಇದನ್ನು ಲೇಬಲ್ ವ್ಯಾಪಾರ ಅಂತೀರಾ?

ನಮ್ಮವರಿಗೆಲ್ಲಾ ಪೆಂಗ್ವಿನ್ ಜಾಹೀರಾತಿನ ಕೆಲ್ವಿನೇಟರ್ ಗೊತ್ತಲ್ಲ, ಅಮೆರಿಕದಲ್ಲಿ ಅದು 1937ರಲ್ಲಿ ನ್ಯಾಶ್ ಕಾರು ಕಂಪನಿ ಜೊತೆ ಒಂದಾಗಿತ್ತು. ಇಂಗ್ಲೆಂಡಿನ ಪ್ರೆಸ್ಟ್‌ಕೋಲ್ಡ್ ಫ್ರಿಜ್ ಮಾಡಿದ್ದು ಪ್ರೆಸ್ಡ್ ಸ್ಟೀಲ್, ಅವರು ಮೋರಿಸ್ ಕಾರುಗಳಿಗೆ ಬಾಡಿ ಒತ್ತುತ್ತಿದ್ದವರು. ರಷ್ಯಾದಲ್ಲಿ ಲಾರಿ ಮತ್ತು ನಾಯಕರ ಉದ್ದ ಕಾರು ಮಾಡುತ್ತಿದ್ದ ಝಿಲ್ ಕಾರ್ಖಾನೆ 1951ರಿಂದ ಫ್ರಿಜ್ ಮಾಡಿತು. ತಗಡು ಒತ್ತುವ ದೊಡ್ಡ ಪ್ರೆಸ್, ಬಣ್ಣ ಸುಡುವ ಒಲೆ, ಹಿಂಜು, ಬೀಗ, ಮೋಟರು, ಎಲ್ಲಾ ಇರುವವನಿಗೆ ಕಾರಿನ ಬಾಗಿಲೂ ಒಂದೇ ಫ್ರಿಜ್ ಬಾಗಿಲೂ ಒಂದೇ. ಉಲ್ಟಾ ಹೋದವರೂ ಇದ್ದಾರೆ. ಇಟಲಿಯ ಈಸೋ ಮೊದಲು ಫ್ರಿಜ್ ಮಾಡುತ್ತಿತ್ತು, 1953ರಲ್ಲಿ ಇಸೆಟ್ಟಾ ಅಂತ ಪುಟ್ಟ ಕಾರು ತಂದಿತು. ಅದರ ಬಾಗಿಲು ಎಲ್ಲಿ ಗೊತ್ತಾ? ಮುಂದೆ, ಮೂತಿಯಲ್ಲಿ!

ಶಾಂತಕ್ಕ ಮಲ್ಲೇಶ್ವರ

ನಮ್ಮ ಚಿಕ್ಕಮ್ಮ ದುಬೈನಿಂದ ತಂದ ಟೊಯೋಟಾ ಹೊಲಿಗೆ ಮಿಷನ್ ನಮ್ಮ ಮನೆಯಲ್ಲಿದೆ. ಯಾರು ಬಂದರೂ ನಗುತ್ತಾರೆ, ಡೂಪ್ಲಿಕೇಟ್ ಅಂತಾರೆ. ನೋಡಿದರೆ ಟೊಯೋಟಾದವರು 1946ರಿಂದಲೇ ಹೊಲಿಗೆ ಮಿಷನ್ ಮಾಡುತ್ತಿದ್ದರಂತೆ, ಮೊಟ್ಟಮೊದಲು ಅವರದ್ದು ಮಗ್ಗದ ಕಂಪನಿ, ಕಾರು ಬಂದಿದ್ದೇ ಮಗ್ಗ ಆದಮೇಲೆ. ಇವತ್ತಿಗೂ ಬ್ಲೌಸ್ ಪೀಸ್ ಹೊಲಿಯೋದು ಅದರಲ್ಲೇ. ಬಿಡದಿ ಕಡೆ ಹೋಗುವಾಗ ಆ ಬೋರ್ಡ್ ನೋಡಿದರೆ ನನಗೆ ಮೊದಲು ನೆನಪಾಗೋದು ಬಾಬಿನ್.

ಅಂದ ಹಾಗೆ ನಮ್ಮೂರಿನ ಎಚ್‌ಎಂಟಿ ಮರೆತಿರಾ? ಜಾಲಹಳ್ಳಿಯಲ್ಲಿ ಕೈಗಡಿಯಾರ, ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್. ಅಪ್ಪನ ಕೈಯಲ್ಲಿ ಅದೇ ವಾಚು, ಊರಿನ ಗದ್ದೆಯಲ್ಲಿ ಅದೇ ಹೆಸರಿನ ಟ್ರ್ಯಾಕ್ಟರು. ಆಗ ಯಾರೂ ಇದು ಅಸಲಿನಾ ಅಂತ ಕೇಳಲಿಲ್ಲ.

ಕೋಲ್ಡ್ ಮೆಕ್ಯಾನಿಕ್ ಪೀಣ್ಯ

ಕಥೆ ಸಾಕು, ಕೆಲಸದ ಮಾತಿಗೆ ಬರೋಣ. ಹಿಂದೆ ಅಥವಾ ಕೆಳಗೆ ಕಂಪ್ರೆಸರ್ ಹತ್ತಿರ ಒಂದು ಲೋಹದ ಪ್ಲೇಟ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ. 115 ವೋಲ್ಟ್, 60 ಸೈಕಲ್ ಅಂತ ಇದ್ದೇ ಇರುತ್ತದೆ ಅಂತ ನನ್ನ ಅಂದಾಜು. ಅದನ್ನು ನಮ್ಮ 230ಕ್ಕೆ ನೇರ ಚುಚ್ಚಿದರೆ ಮೋಟರ್ ಅಲ್ಲೇ ಸುಟ್ಟು ಹೋಗುತ್ತದೆ. ಅದಕ್ಕೇ ಮೇಲಿನವರು ಬೇಡ ಅಂದಿದ್ದು.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಎಸ್‌ಪಿ ರೋಡಲ್ಲಿ ಸಿಗುತ್ತದೆ. ಫ್ರಿಜ್ ಓಡುವಾಗ ತಿನ್ನುವ ಕರೆಂಟ್ ಕಡಿಮೆ, ಆದರೆ ಶುರುವಾಗುವಾಗ ಅದರ ಎಷ್ಟೋ ಪಟ್ಟು ಎಳೆಯುತ್ತದೆ, ಅದಕ್ಕೆ 1 ಕೆವಿಎಗಿಂತ ಕಡಿಮೆ ತರಬೇಡಿ. ಇಲ್ಲೊಂದು ಸೂಕ್ಷ್ಮ ಇದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಸೈಕಲ್ ಬದಲಿಸಲ್ಲ. ನಮ್ಮ ಲೈನ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸೈಕಲ್. 60ಕ್ಕೆ ಮಾಡಿದ ಮೋಟರ್ ಇಲ್ಲಿ ಆರರಲ್ಲಿ ಒಂದು ಭಾಗ ನಿಧಾನ ತಿರುಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ. 100 ವೋಲ್ಟ್ ಟ್ಯಾಪ್, ಅಂದರೆ ಅಷ್ಟೇ ವೋಲ್ಟ್ ಹೊರಗೆ ಕೊಡುವ ತುದಿ, ಇರುವ ಟ್ರಾನ್ಸ್‌ಫಾರ್ಮರ್ ಸಿಕ್ಕಿದರೆ ಅದೇ ಒಳ್ಳೆಯದು, ಬಿಸಿ ಹತೋಟಿಯಲ್ಲಿರುತ್ತದೆ.

ಅದಕ್ಕೂ ಮುಂಚೆ ವೈರ್ ನೋಡಿ. ರಬ್ಬರ್ ವೈರ್ ಆದರೆ ಬಗ್ಗಿಸಿದ ತಕ್ಷಣ ಪುಡಿ ಉದುರುತ್ತದೆ, ಪೂರ್ತಿ ಬದಲಿಸಿ. ಎರಡೇ ಪಿನ್ ಇರುತ್ತದೆ, ಬಾಡಿಗೆ ಅರ್ತ್ ಎಳೆಯಲೇಬೇಕು. ಕರೆಂಟ್ ಬಾಡಿಗೆ ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಹಾಕಿಸಿ, ಆಮೇಲೆ ಸೀರೀಸ್ ಬಲ್ಬ್ ಇಟ್ಟು, ಅಂದರೆ ಕರೆಂಟ್ ಒಂದು ಬಲ್ಬ್ ಮೂಲಕವೇ ಫ್ರಿಜ್ಜಿಗೆ ಹೋಗುವ ಹಾಗೆ ಮಾಡಿ, ಚಾಲೂ ಮಾಡಿ. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ.

ಗ್ಯಾಸ್ ವಿಷಯ. ಯುದ್ಧದ ನಂತರದ ಫ್ರಿಜ್ ಆದ್ದರಿಂದ ಫ್ರಿಯಾನ್ ಜಾತಿಯ ಆರ್-12 ಇರಬೇಕು, ಪ್ಲೇಟಲ್ಲಿ ಬರೆದಿರುತ್ತದೆ. 2008ರಲ್ಲಿ ನಮ್ಮ ದೇಶದಲ್ಲಿ ಇದರ ತಯಾರಿಕೆಯೇ ನಿಂತಿತು. ಅದಕ್ಕೇ ಹೇಳುತ್ತೇನೆ, ಪೈಪ್ ಕತ್ತರಿಸಿ ಹೊಸ ಗ್ಯಾಸ್ ತುಂಬೋಣ ಅಂತ ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ಇಷ್ಟು ವರ್ಷ ಸೋರದೆ ಉಳಿದಿದ್ದರೆ ಅದನ್ನು ಮುಟ್ಟಬಾರದು. ಒಮ್ಮೆ ನನ್ನ ಗಿರಾಕಿಯೊಬ್ಬರ ಹಳೇ ಫ್ರಿಜ್ಜನ್ನು ಒಬ್ಬ ಹೀಗೇ ಕತ್ತರಿಸಿ, ಆಮೇಲೆ ಸರಿಹೋಗಲ್ಲ ಅಂತ ಹೇಳಿ ಕಂಪ್ರೆಸರನ್ನೇ ಎತ್ತಿಕೊಂಡು ಹೋದ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಎಲ್ಲಕ್ಕಿಂತ ಮುಖ್ಯ. ಆ ಟಕ್ ಅನ್ನುವ ಬೀಗ ಒಳಗಿನಿಂದ ತೆರೆಯಲ್ಲ. ಅಮೆರಿಕದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಸಿಕ್ಕಿಕೊಂಡು ಸತ್ತ ಮೇಲೆ 1956ರಲ್ಲಿ ಇದಕ್ಕೆ ಅಂತಲೇ ಕಾನೂನು ತಂದರು, ಮ್ಯಾಗ್ನೆಟ್ ಬಾಗಿಲು ಎಲ್ಲ ಕಡೆ ಬಂದಿದ್ದು ಆಮೇಲೆ. ಇವತ್ತೇ ಬೀಗದ ನಾಲಿಗೆ ಬಿಚ್ಚಿ, ಕವರಲ್ಲಿ ಹಾಕಿ ತೆಗೆದಿಡಿ. ಇಲ್ಲಾ ಬಾಗಿಲು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ.

ಜಯನಗರ 4ನೇ ಬ್ಲಾಕ್

ಇಷ್ಟೆಲ್ಲಾ ಗೋಳು ಯಾಕೆ? ಇಂದಿರಾನಗರದಲ್ಲಿ ಯಾವುದಾದರೂ ಕೆಫೆಯವರು ಒಳ್ಳೇ ರೇಟಿಗೆ ತಗೋತಾರೆ. ಒಳಗೆ ಲೈಟ್ ಹಾಕಿ ಪುಸ್ತಕ ಜೋಡಿಸ್ತಾರೆ. ಕರೆಂಟ್ ಬಿಲ್ಲೂ ಉಳಿಯುತ್ತೆ.

ಚಾಮರಾಜಪೇಟೆ ಮೊಮ್ಮಗ

ಎಲ್ಲರಿಗೂ ಥ್ಯಾಂಕ್ಸ್. ಪ್ಲೇಟ್ ಸಿಕ್ಕಿತು. ಮೆಕ್ಯಾನಿಕ್ ಸರ್ ಹೇಳಿದ ಹಾಗೆಯೇ 115 ವೋಲ್ಟ್, 60 ಸೈಕಲ್. ಹಿಂದೆ ಹುಡುಕಿದರೆ ಗೋಣಿಚೀಲದ ಕೆಳಗೆ ಒಂದು ತೂಕದ ಟ್ರಾನ್ಸ್‌ಫಾರ್ಮರೂ ಸಿಕ್ಕಿತು, ತಾತನಿಗೆ ಎಲ್ಲಾ ಗೊತ್ತಿತ್ತು ಅನ್ನಿಸುತ್ತೆ! ಬೀಗದ ನಾಲಿಗೆ ಬಿಚ್ಚಿಟ್ಟೆ. ಅಣ್ಣನಿಗೆ ಇರ್ಮಾ ಹಾರ್ಡಿಂಗ್ ವಿಷಯ ಹೇಳಿದೆ, ಈಗ ಅವನೇ ಕೆಫೆಗೆ ಕೊಡೋದು ಬೇಡ ಅಂತಿದ್ದಾನೆ. ಮಾವನ ಟ್ರ್ಯಾಕ್ಟರ್ ಫೋಟೋ ಭಾನುವಾರ ಹಾಕುತ್ತೇನೆ.

ಸದ್ಯಕ್ಕೆ ನಮ್ಮ ಉತ್ತರಹಳ್ಳಿ ಮನೆಗೆ ಸಾಗಿಸಬೇಕು. ಟೆಂಪೋದಲ್ಲಿ ಮಲಗಿಸಿ ತರಬಹುದಾ? ನಿಲ್ಲಿಸಿದರೆ ದಾರಿಯಲ್ಲಿ ಮರದ ಕೊಂಬೆಗೆ ತಾಗುತ್ತೆ ಅಂತ ಡ್ರೈವರ್ ತಕರಾರು.

ಕೋಲ್ಡ್ ಮೆಕ್ಯಾನಿಕ್ ಪೀಣ್ಯ

ಮಲಗಿಸಲೇಬೇಡಿ. ಆ ಕಾಲದ ಕಂಪ್ರೆಸರ್ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಮಲಗಿಸಿದರೆ ಎಣ್ಣೆ ಪೈಪಿಗೆ ಹತ್ತುತ್ತದೆ, ಕುಲುಕಿದರೆ ಪೈಪ್ ಬಿರುಕು ಬಿಡುತ್ತದೆ. ಕಂಪ್ರೆಸರ್ ಪಕ್ಕ ಉದ್ದನೆ ಬೋಲ್ಟ್‌ಗಳು ಇವೆಯಾ ನೋಡಿ, ಸಾಗಿಸುವಾಗ ಬಿಗಿ ಮಾಡೋಕೆ ಅಂತಲೇ ಇರುತ್ತವೆ. ಇಲ್ಲದಿದ್ದರೆ ಸೈಕಲ್ ಟ್ಯೂಬ್‌ನಲ್ಲಿ ಕಟ್ಟಿ. ನಾಲ್ಕು ಜನ ಬೇಕು, ಇವು ಹೆಣಭಾರ. ತಂದ ಮೇಲೆ ಒಂದು ದಿನ ಹಾಗೇ ಬಿಡಿ. ಆ ಡ್ರೈವರ್ ಒಪ್ಪದಿದ್ದರೆ ಇನ್ನೊಬ್ಬನನ್ನು ನೋಡಿ, ಕಲಾಸಿಪಾಳ್ಯದಲ್ಲಿ ಟೆಂಪೋಗೆ ಬರ ಇಲ್ಲ.