ಅಪ್‌ಡೇಟ್: ಗೀರು ಕಾಣದಿದ್ದುದಕ್ಕೆ ಕಾರ್ಡ್ ಕಾರಣವಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಘಟಕದಲ್ಲಿ ಹೈಡ್ರಾಲಿಕ್ ವಾಲ್ವಿನ ಸ್ಪೂಲುಗಳ (ವಾಲ್ವಿನೊಳಗೆ ಸರಿದಾಡಿ ಎಣ್ಣೆಯ ಹರಿವನ್ನು ನಿಯಂತ್ರಿಸುವ ಲೋಹದ ದಂಡಗಳ) ಮೇಲಿನ ಸಣ್ಣ ಗೀರುಗಳನ್ನು ಕ್ಯಾಮೆರಾ ಹಿಡಿಯುತ್ತಿಲ್ಲ, ಇದಕ್ಕೆ ಚಿತ್ರಗಳನ್ನು ಪರಿಶೀಲಿಸುವ ಕಂಪ್ಯೂಟರಿನಲ್ಲಿ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಮೊದಲು ಬೆಳಕನ್ನು ಪರೀಕ್ಷಿಸಿ ಎಂದವರಿಗೆ ಮನಃಪೂರ್ವಕ ಕೃತಜ್ಞತೆಗಳು.

ಕನ್ವೇಯರ್ ಸೆಕೆಂಡಿಗೆ 300 ಮಿ.ಮೀ. ವೇಗದಲ್ಲಿ ಚಲಿಸುವಾಗ ನಾವು 2 ಮಿಲಿಸೆಕೆಂಡ್ ಎಕ್ಸ್‌ಪೋಷರ್ (ಒಂದು ಚಿತ್ರಕ್ಕಾಗಿ ಕ್ಯಾಮೆರಾ ಬೆಳಕು ಪಡೆಯುವ ಅವಧಿ) ಇಟ್ಟಿದ್ದೆವು; ಅಷ್ಟರಲ್ಲಿ ಸ್ಪೂಲು 0.6 ಮಿ.ಮೀ. ಸರಿದಿರುತ್ತದೆಯಾದ್ದರಿಂದ 0.1 ಮಿ.ಮೀ. ಗೀರು ಚಿತ್ರದಲ್ಲೇ ಅಳಿಸಿಹೋಗುತ್ತಿತ್ತು, ಚಿತ್ರದಲ್ಲಿ ಇಲ್ಲದ್ದನ್ನು ಯಾವ ಕಾರ್ಡೂ ಹುಡುಕಿಕೊಡಲಾರದು. ಕ್ಷಣಮಾತ್ರ ಪ್ರಖರವಾಗಿ ಮಿನುಗುವ ಸ್ಟ್ರೋಬ್ ದೀಪ ಅಳವಡಿಸಿ ಎಕ್ಸ್‌ಪೋಷರನ್ನು 100 ಮೈಕ್ರೋಸೆಕೆಂಡಿಗೆ ಇಳಿಸಿದಾಗ ಈ ಮಸುಕು 0.03 ಮಿ.ಮೀ.ಗೆ ಬಂತು. ನೇರವಾಗಿ ಮೇಲಿನಿಂದ ಬೀಳುತ್ತಿದ್ದ ಬೆಳಕನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದ ಮೇಲಂತೂ, ಕಪ್ಪಾಗಿ ಕಾಣುವ ಲೋಹದ ಮೈಮೇಲೆ ಗೀರು ಬಿಳಿಯ ಎಳೆಯಂತೆ ಎದ್ದು ಕಂಡಿತು; ಅದನ್ನು ಪರದೆಯ ಮೇಲೆ ಕಂಡ ಕ್ಷಣ ನಿಜಕ್ಕೂ ಸಂತೋಷವಾಯಿತು.

ಕಾರ್ಡನ್ನೂ ಬದಲಿಸಿದ್ದೇವೆ, ಆದರೆ ಕಾರಣ ಬೇರೆ. ನಿಯಂತ್ರಣ ಪೆಟ್ಟಿಗೆ ಇಕ್ಕಟ್ಟಾಗಿರುವುದರಿಂದ, 70 ವಾಟ್‌ನಲ್ಲಿ ಪ್ರತ್ಯೇಕ ವಿದ್ಯುತ್ ಕೇಬಲ್ ಇಲ್ಲದೆ ನಡೆಯುವ, ದೋಷ ತಿದ್ದುವ ಮೆಮೊರಿಯುಳ್ಳ ಎನ್‌ವಿಡಿಯಾದ ಆರ್‌ಟಿಎಕ್ಸ್ ಎ2000 ಕಾರ್ಡನ್ನು ಆರಿಸಿಕೊಂಡೆವು. ಎಣ್ಣೆಯ ಹನಿಯನ್ನು ಗೀರೆಂದು ತಿಳಿಯುವ ಸಮಸ್ಯೆ ಉಳಿದಿದೆ. ಸದ್ಯಕ್ಕೆ ಕ್ಯಾಮೆರಾಕ್ಕೆ ಮೊದಲು ಗಾಳಿಯ ನಳಿಕೆ ಇಟ್ಟಿದ್ದೇವೆ.